ಹೊಳೆಯಂಚಿನಿಂದ ಅಂಗಳಕ್ಕೆ ಬಂದ ಜ್ವರ



ಸಾಹಿತ್ಯ, ಕಲೆಗಳಿಗೆ ಮೀಸಲಾದ ಈ ವೇದಿಕೆಯಲ್ಲಿ ಸೊಳ್ಳೆಯ ಬಗ್ಗೆ ಮಾತನಾಡಲು ಅವಕಾಶ ಕೊಟ್ಟಿದ್ದೀರಿ. ವಿಷಯ ಇಲ್ಲಿಗೆ ಹೊರತಾದುದು ಎಂದು ನನಗೆ ಅನಿಸಿಲ್ಲ. ನೀರನ್ನು ಹೇಗೆ ಹರಿಯಬಿಡುತ್ತೇವೆ, ಹೇಗೆ ಕೂಡಿಡುತ್ತೇವೆ, ಯಾವ ಮರವನ್ನು ಉಳಿಸುತ್ತೇವೆ, ತೋಟದಲ್ಲಿ ದುಡಿಯುವವರಿಗೆ ಎಂಥ ಮನೆ ಕಟ್ಟಿಕೊಡುತ್ತೇವೆ ಎಂಬುದೂ ಒಂದು ನಾಡಿನ ಸಂಸ್ಕೃತಿಯೇ. ಆ ಸಂಸ್ಕೃತಿ ಬದಲಾದಂತೆಲ್ಲ ಕೊಡಗಿನ ಸೊಳ್ಳೆಯೂ ಬದಲಾಗಿದೆ, ಕೊಡಗಿನ ಜ್ವರವೂ ಬದಲಾಗಿದೆ.

ನಾನು ಇಂದು ಹೇಳಬೇಕೆಂದಿರುವುದು ಇಷ್ಟು. ಪರಿಸರ ಕೆಟ್ಟರೆ ಸೊಳ್ಳೆ ಹೆಚ್ಚುತ್ತದೆ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಆ ಮಾತು ಅರ್ಧ ಸತ್ಯ. ಪರಿಸರ ಬದಲಾದಾಗ ಯಾವ ಸೊಳ್ಳೆ ನಮ್ಮ ಜೊತೆ ವಾಸಿಸುತ್ತದೆ ಎಂಬುದೇ ಬದಲಾಗುತ್ತದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಜ್ವರ ತರುತ್ತಿದ್ದ ಸೊಳ್ಳೆ ಕಾಡಿನ ಹೊಳೆಯಂಚಿನಲ್ಲಿ ಹುಟ್ಟುತ್ತಿತ್ತು. ಇಂದು ಜ್ವರ ತರುವ ಸೊಳ್ಳೆ ನಮ್ಮ ಅಂಗಳದ ಡ್ರಮ್ಮಿನಲ್ಲಿ, ತೋಟದ ಅಡಿಕೆ ಹಾಳೆಯಲ್ಲಿ, ಪೇಟೆಯ ಹಳೆಯ ಟೈರಿನಲ್ಲಿ ಹುಟ್ಟುತ್ತಿದೆ. ಹುಟ್ಟುವ ಜಾಗ ಬದಲಾದಾಗ ಅದನ್ನು ತಡೆಯುವ ಹೊಣೆಯೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬರುತ್ತದೆ. ಈಗ ಅದು ನಮ್ಮ ಕೈಗೆ ಬಂದಿದೆ.

ಮೊದಲು ಸೊಳ್ಳೆಗಳ ಪರಿಚಯ ಮಾಡಿಕೊಳ್ಳೋಣ. ಜಗತ್ತಿನಲ್ಲಿ 3,500ಕ್ಕೂ ಹೆಚ್ಚು ಜಾತಿಯ ಸೊಳ್ಳೆಗಳಿವೆ. ಭಾರತದಲ್ಲೇ ಸುಮಾರು 400 ಜಾತಿಗಳಿವೆ. ಇವುಗಳಲ್ಲಿ ಮನುಷ್ಯನಿಗೆ ರೋಗ ತರುವವು ಬೆರಳೆಣಿಕೆಯಷ್ಟು. ಗಂಡು ಸೊಳ್ಳೆ ರಕ್ತ ಹೀರುವುದಿಲ್ಲ, ಹೂವಿನ ಮಕರಂದ, ಗಿಡದ ರಸದಲ್ಲೇ ಬದುಕುತ್ತದೆ. ಹೆಣ್ಣು ಸೊಳ್ಳೆಗೆ ಮೊಟ್ಟೆ ಬಲಿಯಲು ರಕ್ತ ಬೇಕು. ನಮ್ಮ ಕಾಡಿನ ಮರದ ಪೊಟರೆಗಳಲ್ಲಿ ಟಾಕ್ಸೊರಿಂಕೈಟಿಸ್ ಎಂಬ ದೊಡ್ಡ ಸೊಳ್ಳೆಯೊಂದು ಹುಟ್ಟುತ್ತದೆ. ಅದು ಯಾರನ್ನೂ ಕಚ್ಚುವುದಿಲ್ಲ. ಅದರ ಮರಿ ಬೇರೆ ಸೊಳ್ಳೆಗಳ ಮರಿಗಳನ್ನೇ ತಿಂದು ಬೆಳೆಯುತ್ತದೆ.

ನಾವು ಗುರುತಿಡಬೇಕಾದವು ಮೂರು ಬಗೆ. ಅನಾಫಿಲಿಸ್ ಮಲೇರಿಯಾ ತರುತ್ತದೆ. ಅದು ಗೋಡೆಯ ಮೇಲೆ ತಲೆ ತಗ್ಗಿಸಿ, ಹಿಂಭಾಗ ಎತ್ತಿ ಓರೆಯಾಗಿ ಕೂರುತ್ತದೆ, ಹೆಚ್ಚಾಗಿ ರಾತ್ರಿ ಕಚ್ಚುತ್ತದೆ. ಅದರ ಮರಿ ನೀರಿನ ಮೇಲ್ಮೈಗೆ ಸಮನಾಗಿ ಮಲಗಿರುತ್ತದೆ. ಕ್ಯೂಲೆಕ್ಸ್ ನಮಗೆಲ್ಲ ಪರಿಚಿತ. ಸಂಜೆಯಾದರೆ ಕಿವಿಯ ಬಳಿ ಗುಂಯ್‌ಗುಡುವುದು ಅದೇ. ಚರಂಡಿಯ ಕೊಳಕು ನೀರಿನಲ್ಲಿ ಒಂದು ಜಾತಿ, ಗದ್ದೆಯ ನೀರಿನಲ್ಲಿ ಇನ್ನೊಂದು ಜಾತಿ ಹುಟ್ಟುತ್ತದೆ. ಮೂರನೆಯದು ಈಡಿಸ್. ಕಪ್ಪು ಮೈ, ಕಾಲುಗಳ ಮೇಲೆ ಬಿಳಿ ಪಟ್ಟೆ. ಹಗಲು ಹೊತ್ತಿನಲ್ಲಿ, ಅದರಲ್ಲೂ ಬೆಳಗ್ಗೆ ಮತ್ತು ಸಂಜೆಗೆ ಮುಂಚೆ ಕಚ್ಚುತ್ತದೆ. ಡೆಂಗಿ, ಚಿಕೂನ್‌ಗುನ್ಯಾ, ಝೀಕಾ ಈ ಮೂರಕ್ಕೂ ಇದೇ ವಾಹಕ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಬ್ರಿಟಿಷರು 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡರು. 1854ರಲ್ಲಿ ಫೌಲರ್ ಎಂಬ ಆಂಗ್ಲ ಪ್ಲಾಂಟರ್ ಮಡಿಕೇರಿಯಲ್ಲಿ ಕಾಫಿ ತೋಟ ತೆರೆದ ಮೇಲೆ ಕಾಡು ಕಡಿಯುವ ಕೆಲಸ ಭರದಿಂದ ನಡೆಯಿತು. ಆ ಕಾಲದ ತೋಟಗಳ ಕಥೆಯಲ್ಲಿ ಕಾಡುಜ್ವರದ ಮಾತು ಮತ್ತೆ ಮತ್ತೆ ಬರುತ್ತದೆ. ನೆರೆಯ ವಯನಾಡಿನಲ್ಲೂ, ಮಲೆನಾಡಿನ ಉದ್ದಕ್ಕೂ ಅದೇ ಕಥೆ. ದುಡಿಯಲು ಬಂದವರು ಚಳಿ ಹಿಡಿದು ಮಲಗುತ್ತಿದ್ದರು, ಮಕ್ಕಳ ಹೊಟ್ಟೆಯಲ್ಲಿ ಗುಲ್ಮ ಬೆಳೆಯುತ್ತಿತ್ತು, ಬಸುರಿಯರು, ಹಸುಗೂಸುಗಳು ಸಾಯುತ್ತಿದ್ದರು. ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಜ್ವರಕ್ಕೆ ಹೆದರಿ ಊರುಗಳೇ ಖಾಲಿಯಾದವು.

ಜ್ವರಕ್ಕೂ ಸೊಳ್ಳೆಗೂ ಇರುವ ನಂಟನ್ನು ಕಂಡುಹಿಡಿದ ರೊನಾಲ್ಡ್ ರಾಸ್ ನಮ್ಮ ನಾಡಿನಲ್ಲಿ ಓಡಾಡಿದವರು. 1883ರಲ್ಲಿ ಅವರು ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದಾಗ ತಮ್ಮ ಬಂಗಲೆಯ ಕಿಟಕಿಯಾಚೆ ಇಟ್ಟಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿಗಳು ಓಡಾಡುವುದನ್ನು ಕಂಡರು. ತೊಟ್ಟಿಯ ನೀರು ಚೆಲ್ಲಿಸಿದಾಗ ಮನೆಯೊಳಗಿನ ಸೊಳ್ಳೆ ತಗ್ಗಿತು. 1897ರಲ್ಲಿ ನೀಲಗಿರಿಯ ಸೀಗೂರು ಘಾಟಿಗೆ ಮಲೇರಿಯಾ ಅಧ್ಯಯನಕ್ಕೆಂದು ಹೋದಾಗ ಅವರಿಗೇ ಮಲೇರಿಯಾ ಬಂತು. ಅದೇ ವರ್ಷ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿ ಅವರ ಕಣ್ಣಿಗೆ ಬಿತ್ತು. 1902ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಜಗತ್ತಿಗೆ ಉಪಕಾರ ಮಾಡಿದ ಆ ಶೋಧ ದೊಡ್ಡದು. ಬೆಂಗಳೂರಿನ ತೊಟ್ಟಿಯ ಪಾಠವೂ ಚಿಕ್ಕದಲ್ಲ. ಇಂದು ಕೊಡಗಿನ ಈ ನಮ್ಮ ಗೋಣಿಕೊಪ್ಪಲಿನಲ್ಲಿ ನಾವು ಮಾಡಬೇಕಾದ ಕೆಲಸ ಅದೇ.

ಪಶ್ಚಿಮ ಘಟ್ಟದ ಮಲೇರಿಯಾಕ್ಕೆ ಮುಖ್ಯ ಕಾರಣ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ. ಅದಕ್ಕೆ ಕೊಳಕು ನೀರು ಬೇಡ. ನಿಧಾನವಾಗಿ ಹರಿಯುವ ತಿಳಿನೀರಿನ ತೋಡು, ದಡದಲ್ಲಿ ನೀರಿಗೆ ಬಾಗಿದ ಹುಲ್ಲು, ಸ್ವಲ್ಪ ಬಿಸಿಲು ಇದ್ದರೆ ಸಾಕು. ಕಾಡು ದಟ್ಟವಾಗಿದ್ದು ಹೊಳೆಯ ಮೇಲೆ ನೆರಳು ಮುಚ್ಚಿದ್ದರೆ ಅದಕ್ಕೆ ಅನುಕೂಲ ಕಡಿಮೆ. ಹೊಳೆದಂಡೆಯ ಮರ ಕಡಿದು ಬಿಸಿಲು ಬಿದ್ದು ಹುಲ್ಲು ಬೆಳೆದಾಗ ಅದಕ್ಕೆ ಹಬ್ಬ. ಅಂದರೆ ಮಲೇರಿಯಾವನ್ನು ಕಾಡಿನ ರೋಗ ಎಂದು ಕರೆದರೂ, ಕಾಡನ್ನು ಕಡಿದ ರೀತಿಯೇ ಅದಕ್ಕೆ ಎಷ್ಟೋ ಕಡೆ ದಾರಿ ಮಾಡಿಕೊಟ್ಟಿತು.

ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವರು ಮಲಯಾದಲ್ಲಿ ಕೆಲಸ ಮಾಡಿದ ಮಾಲ್ಕಮ್ ವಾಟ್ಸನ್. ಕಳೆದ ಶತಮಾನದ ಆರಂಭದಲ್ಲಿ ಅವರು ಕರಾವಳಿಯ ತಗ್ಗಿನಲ್ಲಿ ಕಾಡು ಕಡಿಸಿ ಜೌಗು ಬಸಿಸಿದಾಗ ಮಲೇರಿಯಾ ಇಳಿಯಿತು. ಅದೇ ಕೆಲಸವನ್ನು ಗುಡ್ಡದ ರಬ್ಬರ್ ತೋಟಗಳಲ್ಲಿ ಮಾಡಿದಾಗ ಮಲೇರಿಯಾ ಏರಿತು. ತಗ್ಗಿನ ಸೊಳ್ಳೆಗೆ ನೆರಳಿನ ನಿಂತ ನೀರು ಬೇಕಿತ್ತು, ಗುಡ್ಡದ ಸೊಳ್ಳೆಗೆ ಬಿಸಿಲು ಬಿದ್ದ ತೊರೆ ಬೇಕಿತ್ತು. ಅಸ್ಸಾಮಿನ ಚಹಾ ತೋಟಗಳಲ್ಲಿ 1930ರ ದಶಕದಲ್ಲಿ ಈ ತಿಳಿವಳಿಕೆಯನ್ನು ಬಳಸಿ ತೊರೆಗಳ ದಡದಲ್ಲಿ ಪೊದೆ ಬೆಳೆಸಿ, ನೀರಿಗೆ ನೆರಳು ಮಾಡಿ ಸೊಳ್ಳೆಯನ್ನು ತಗ್ಗಿಸಿದರು. ನಮ್ಮ ಲಕ್ಷ್ಮಣತೀರ್ಥ ನದಿಗೂ ಕೀರೆಹೊಳೆಗೂ ಇದರಲ್ಲಿ ಪಾಠವಿದೆ. ದಂಡೆಯ ಮರ ಮಣ್ಣು ಹಿಡಿಯುತ್ತದೆ, ಪ್ರವಾಹ ತಡೆಯುತ್ತದೆ ಎಂದು ನಾವು ಬಲ್ಲೆವು. ಅದು ಜ್ವರವನ್ನೂ ತಡೆಯುತ್ತದೆ.

ಅದೇ ಕಾಲದಲ್ಲಿ ಮೈಸೂರು ಸಂಸ್ಥಾನ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನ ನಡೆಸಿತು. ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ ಮಂಡ್ಯದ ಒಣಭೂಮಿಗೆ ಹರಿದಾಗ ಕಬ್ಬು, ಭತ್ತದ ಜೊತೆ ಮಲೇರಿಯಾವೂ ಬೆಳೆಯಿತು. ಕಾವೇರಿ ಹುಟ್ಟುವ ನಾಡಿನವರಾದ ನಮಗೆ ಇದು ನೆನಪಿರಬೇಕು. ನೀರು ಬಂದಲ್ಲಿ ಸಮೃದ್ಧಿ ಬರುತ್ತದೆ. ಬಸಿಗಾಲುವೆ ಇಲ್ಲದೆ ನೀರು ಬಂದಲ್ಲಿ ಜ್ವರವೂ ಬರುತ್ತದೆ.

ಆಮೇಲೆ ಡಿಡಿಟಿ ಎಂಬ ಕೀಟನಾಶಕ ಬಂತು. ಮಲೇರಿಯಾ ತಜ್ಞ ಡಾ. ಡಿ.ಕೆ. ವಿಶ್ವನಾಥನ್ ಅವರ ಮುಂದಾಳ್ತನದಲ್ಲಿ 1945-46ರಲ್ಲಿ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಮನೆಯ ಗೋಡೆಗೆ ಡಿಡಿಟಿ ಹೊಡೆದದ್ದು ನಮ್ಮ ದೇಶದ ಗ್ರಾಮೀಣ ಭಾಗದ ಮೊದಮೊದಲ ದೊಡ್ಡ ಪ್ರಯೋಗಗಳಲ್ಲಿ ಒಂದು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, ಎಂಟು ಲಕ್ಷ ಜನ ಸಾಯುತ್ತಿದ್ದರು ಎಂಬ ಅಂದಾಜಿದೆ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ ಶುರುವಾದವು. 1960ರ ದಶಕದ ಮಧ್ಯದ ಹೊತ್ತಿಗೆ ವರ್ಷದ ಪ್ರಕರಣಗಳು ಒಂದು ಲಕ್ಷಕ್ಕೆ ಇಳಿದವು. ಗೆದ್ದೆವು ಎಂದುಕೊಂಡು ಕೈ ಸಡಿಲ ಬಿಟ್ಟಾಗ, ಸೊಳ್ಳೆ ಔಷಧಕ್ಕೆ ಬಗ್ಗದಂತೆ ಆದಾಗ, 1976ರಲ್ಲಿ ಪ್ರಕರಣಗಳ ಸಂಖ್ಯೆ 64 ಲಕ್ಷಕ್ಕೆ ಏರಿತು. ಮತ್ತೆ ದಶಕಗಳ ದುಡಿಮೆಯಿಂದ 2023ರಲ್ಲಿ ಸುಮಾರು 2.27 ಲಕ್ಷಕ್ಕೆ ತಂದಿದ್ದೇವೆ. 2030ರೊಳಗೆ ಮಲೇರಿಯಾ ಇಲ್ಲದ ಭಾರತ ಎಂಬುದು ದೇಶದ ಗುರಿ.

ಮಲೇರಿಯಾ ಇಳಿದದ್ದರ ಇನ್ನೊಂದು ಪರಿಣಾಮವನ್ನೂ ನೋಡಬೇಕು. ಜ್ವರದ ಭಯ ಹೋದ ಮೇಲೆ ಮಲೆನಾಡು, ವಯನಾಡುಗಳ ಕಾಡಂಚಿಗೆ ಜನ ನೆಲೆಸಲು ಬಂದರು. ತೋಟ, ಗದ್ದೆ, ರಸ್ತೆ, ಪೇಟೆ ಬೆಳೆದವು. ನಮ್ಮ ಬದುಕು ಹಸನಾಯಿತು. ಅದರ ಬೆನ್ನಿಗೇ ಕಾಡಿನ ಹೊಳೆಯ ಸೊಳ್ಳೆಯ ಜಾಗದಲ್ಲಿ ಮನುಷ್ಯನ ಪಾತ್ರೆಪಗಡಿಯ ಸೊಳ್ಳೆ ಬಂದು ಕೂತಿತು.

ಆ ಸೊಳ್ಳೆಯೇ ಈಡಿಸ್. ಅದರಲ್ಲಿ ನಮಗೆ ಬೇಕಾದ ಎರಡು ಜಾತಿಗಳಿವೆ. ಈಡಿಸ್ ಈಜಿಪ್ಟಿ ಆಫ್ರಿಕಾ ಮೂಲದ್ದು, ಪೇಟೆಯ ಮನೆಯೊಳಗೆ ವಾಸ. ಈಡಿಸ್ ಆಲ್ಬೊಪಿಕ್ಟಸ್ ಏಷ್ಯಾದ ಕಾಡಿನದು, ಮರದ ಪೊಟರೆ, ಒಡೆದ ಬಿದಿರಿನ ಬೊಂಬಿನಲ್ಲಿ ನಿಂತ ಮಳೆನೀರೇ ಅದರ ತವರು. ಕಾಡಿನ ಪೊಟರೆ ಕಡಿಮೆಯಾದರೆ ಅದಕ್ಕೆ ನಷ್ಟವಿಲ್ಲ. ಉದುರಿದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ಕೋಕೋ ಕಾಯಿಯ ಸಿಪ್ಪೆ, ರಬ್ಬರ್ ಹಾಲು ಹಿಡಿಯುವ ಬಟ್ಟಲು, ಬೋರ್ಡೋ ದ್ರಾವಣ ಕಲಸಿದ ನೀಲಿ ಡ್ರಮ್ಮು, ಟಾರ್ಪಾಲಿನ ಮಡಿಕೆ, ಎಲ್ಲವೂ ಅದಕ್ಕೆ ಪೊಟರೆಯೇ. ಕೇರಳದ ರಬ್ಬರ್ ತೋಟಗಳಲ್ಲಿ, ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಅದು ಹೇರಳವಾಗಿರುವುದು ಇದೇ ಕಾರಣಕ್ಕೆ. ಭತ್ತದ ಗದ್ದೆಗಳಲ್ಲಿ ಅಡಿಕೆ ಎದ್ದು ನಿಲ್ಲುತ್ತಿರುವ ನಮ್ಮ ಕೊಡಗಿನಲ್ಲಿ ಅದಕ್ಕೆ ಹೊಸ ಮನೆಗಳನ್ನು ನಾವೇ ಕಟ್ಟಿಕೊಡುತ್ತಿದ್ದೇವೆ.

ಈ ಸೊಳ್ಳೆ ಜಗತ್ತನ್ನು ಸುತ್ತಿದ್ದು ಹಳೆಯ ಟೈರುಗಳ ಮೂಲಕ. 1979ರಲ್ಲಿ ಅಲ್ಬೇನಿಯಾದಲ್ಲಿ, 1985ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಕಾಣಿಸಿಕೊಂಡು ಈಗ ಹಲವು ಖಂಡಗಳಲ್ಲಿ ನೆಲೆಸಿದೆ. ಟೈರಿನೊಳಗೆ ಅಂಟಿಸಿದ ಅದರ ಮೊಟ್ಟೆ ನೀರಿಲ್ಲದೆ ತಿಂಗಳುಗಟ್ಟಲೆ ಬದುಕಿರುತ್ತದೆ, ಒಂದು ಮಳೆ ಬಿದ್ದರೆ ಒಡೆಯುತ್ತದೆ. ಗೋಣಿಕೊಪ್ಪಲು ತಿತಿಮತಿ ಕಡೆಯಿಂದ ಮೈಸೂರಿಗೂ, ಕುಟ್ಟ ಮತ್ತು ಪೆರುಂಬಾಡಿ ಕಡೆಯಿಂದ ಕೇರಳಕ್ಕೂ ಹೋಗುವ ವಾಹನಗಳು ನಿಂತು ಸಾಗುವ ಪೇಟೆ. ಪಂಕ್ಚರ್ ಅಂಗಡಿಯ ಟೈರು ರಾಶಿ, ಗುಜರಿ ಅಂಗಡಿಯ ಡಬ್ಬ ರಾಶಿ ಇಲ್ಲೂ ಇವೆ. ಜ್ವರ ಬಂದ ಪ್ರಯಾಣಿಕರೂ, ಸೊಳ್ಳೆಯ ಮೊಟ್ಟೆಯೂ ಒಂದೇ ರಸ್ತೆಯಲ್ಲಿ ಬರುತ್ತವೆ. ಸೊಳ್ಳೆಯ ಪಯಣ ಒಂದೇ ದಿಕ್ಕಿನದಲ್ಲ. ಬೆಂಗಳೂರು, ಮಂಗಳೂರುಗಳ ಕಟ್ಟಡ ಕಾಮಗಾರಿಗಳಲ್ಲಿ, ಮನೆ ಮೇಲಿನ ಟ್ಯಾಂಕುಗಳಲ್ಲಿ ಹುಟ್ಟಿ ಪೇಟೆ ಮಲೇರಿಯಾ ತರುವ ಅನಾಫಿಲಿಸ್ ಸ್ಟೀಫೆನ್ಸಿ 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಪತ್ತೆಯಾಯಿತು. ಇಂದು ಆಫ್ರಿಕಾದ ನಗರಗಳಿಗೆ ಅದು ದೊಡ್ಡ ಆತಂಕ.

2006ರ ಚಿಕೂನ್‌ಗುನ್ಯಾ ನಿಮ್ಮಲ್ಲಿ ಹಲವರಿಗೆ ನೆನಪಿರುತ್ತದೆ. ದೇಶದಲ್ಲಿ ಆ ವರ್ಷ ಸುಮಾರು 14 ಲಕ್ಷ ಶಂಕಿತ ಪ್ರಕರಣ ದಾಖಲಾದವು. ಅದರಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ನಮ್ಮ ಕರ್ನಾಟಕದವು. ಕೀಲು ಹಿಡಿದು ತಿಂಗಳುಗಟ್ಟಲೆ ಹೊಲ, ತೋಟಕ್ಕೆ ಹೋಗಲಾರದೆ ಕೂಲಿ ಕಳೆದುಕೊಂಡ ಕುಟುಂಬಗಳೆಷ್ಟೋ. ಆ ಹೊತ್ತಿನಲ್ಲೇ ವೈರಸ್ಸಿನಲ್ಲಿ ಒಂದು ಸಣ್ಣ ಮಾರ್ಪಾಟಾಯಿತು. ಮೊದಲು ರಿಯೂನಿಯನ್ ದ್ವೀಪದಲ್ಲಿ, 2007ರಲ್ಲಿ ಕೇರಳದಲ್ಲಿ ಅದು ಕಂಡುಬಂತು. ಆ ಮಾರ್ಪಾಟಿನಿಂದ ವೈರಸ್ ಆಲ್ಬೊಪಿಕ್ಟಸ್ ಸೊಳ್ಳೆಯೊಳಗೆ ಸುಲಭವಾಗಿ ಬೆಳೆಯತೊಡಗಿತು. ಪೇಟೆಯ ರೋಗ ತೋಟದ ರೋಗವಾಗಲು ಅಷ್ಟು ಸಾಕಾಯಿತು.

ಇನ್ನು ಹವಾಮಾನದ ಮಾತು. ಸೊಳ್ಳೆಯ ಮೈಗೆ ತನ್ನದೇ ಆದ ಬಿಸಿ ಇಲ್ಲ, ಸುತ್ತಲಿನ ಗಾಳಿಯ ಬಿಸಿಯೇ ಅದರ ಬಿಸಿ. ಸೊಳ್ಳೆ ರೋಗಿಯ ರಕ್ತ ಹೀರಿದ ಕೂಡಲೇ ಇನ್ನೊಬ್ಬರಿಗೆ ರೋಗ ದಾಟಿಸಲಾರದು. ರೋಗಾಣು ಅದರ ಹೊಟ್ಟೆಯಲ್ಲಿ ಬೆಳೆದು ಜೊಲ್ಲುಗ್ರಂಥಿ ತಲುಪಬೇಕು. ವೈವ್ಯಾಕ್ಸ್ ಮಲೇರಿಯಾದ ಪರಾವಲಂಬಿಗೆ 18 ಡಿಗ್ರಿಯಲ್ಲಿ ಇದಕ್ಕೆ ಸುಮಾರು 30 ದಿನ ಬೇಕು, 20 ಡಿಗ್ರಿಯಲ್ಲಿ 19 ದಿನ, 25 ಡಿಗ್ರಿಯಲ್ಲಿ 10 ದಿನ. ಡೆಂಗಿ ವೈರಸ್ಸಿಗೆ 25 ಡಿಗ್ರಿಯಲ್ಲಿ ಸುಮಾರು 15 ದಿನ, 30 ಡಿಗ್ರಿಯಲ್ಲಿ ವಾರಕ್ಕೂ ಕಡಿಮೆ. ಸೊಳ್ಳೆಯ ಆಯುಸ್ಸೇ ಕೆಲವು ವಾರ. ತಂಪಿನಲ್ಲಿ ರೋಗಾಣು ಬಲಿಯುವ ಮೊದಲೇ ಸೊಳ್ಳೆ ಸಾಯುತ್ತದೆ, ಬಿಸಿಯಲ್ಲಿ ಅದು ಬದುಕಿರುವಾಗಲೇ ರೋಗಾಣು ಸಿದ್ಧವಾಗುತ್ತದೆ.

ಕೊಡಗಿನ ತಂಪು ಇಷ್ಟು ಕಾಲ ನಮಗೆ ಒಂದು ರಕ್ಷೆಯಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ. 1901ರಿಂದ 2018ರ ನಡುವೆ ಭಾರತದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಏರಿದೆ. ಬಯಲುಸೀಮೆಯ ಬಿರುಬಿಸಿಲಿನಲ್ಲಿ ಇನ್ನೊಂದು ಡಿಗ್ರಿ ಏರಿದರೆ ಸೊಳ್ಳೆಗೆ ಕಷ್ಟವೇ ಆಗಬಹುದು, 35 ಡಿಗ್ರಿ ಮೇಲೆ ಅದೂ ಬಳಲುತ್ತದೆ. ನಮ್ಮಂಥ ಗುಡ್ಡನಾಡಿನಲ್ಲಿ ಅದೇ ಒಂದು ಡಿಗ್ರಿ ಸೊಳ್ಳೆಗೆ ಅನುಕೂಲದ ದಿನಗಳನ್ನು ಹೆಚ್ಚಿಸುತ್ತದೆ. ತಗ್ಗಿನಲ್ಲಿರುವ ಗೋಣಿಕೊಪ್ಪಲು, ಸಿದ್ದಾಪುರ, ತಿತಿಮತಿಗಳು ಮಡಿಕೇರಿಗಿಂತ ಮೊದಲೇ ಇದನ್ನು ಅನುಭವಿಸುತ್ತವೆ.

ಮಳೆಯ ವಿಷಯ ಇನ್ನೂ ಸೂಕ್ಷ್ಮ. ಹೆಚ್ಚು ಮಳೆ ಎಂದರೆ ಹೆಚ್ಚು ಸೊಳ್ಳೆ ಎಂದಲ್ಲ. ನಡು ಮಳೆಗಾಲದ ಕಕ್ಕಡ ತಿಂಗಳ ಜಡಿಮಳೆ ತೋಡು, ಪಾತ್ರೆಗಳಲ್ಲಿದ್ದ ಮರಿಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಬಿಟ್ಟು ಬಿಟ್ಟು ಬರುವ ಮಳೆಯೇ ಅಪಾಯ. ಒಂದು ದಿನ ಸುರಿದು ಹತ್ತು ದಿನ ಬಿಸಿಲು ಕಾಯ್ದರೆ, ಮೊಟ್ಟೆ ಸೊಳ್ಳೆಯಾಗಲು ಬೇಕಾದಷ್ಟು ಸಮಯ ಸಿಕ್ಕಿತು. ಈಗ ಮಳೆ ಹೀಗೇ ಆಗುತ್ತಿದೆ. 2018, 2019ರ ಆಗಸ್ಟಿನಲ್ಲಿ ಕೆಲವೇ ದಿನಗಳಲ್ಲಿ ಸುರಿದ ಮಳೆ ಗುಡ್ಡಗಳನ್ನೇ ಕುಸಿಸಿದ್ದನ್ನು ನಾವು ಕಂಡಿದ್ದೇವೆ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ್ದನ್ನೂ ಕಂಡಿದ್ದೇವೆ.

ಬರವೂ ಜ್ವರ ತರಬಲ್ಲದು. 1934-35ರಲ್ಲಿ ಶ್ರೀಲಂಕಾದಲ್ಲಿ ಮಳೆ ಹೋಗಿ ಹೊಳೆಗಳು ತುಂಡುತುಂಡು ಮಡುಗಳಾದವು. ಆ ಮಡುಗಳಲ್ಲಿ ಅನಾಫಿಲಿಸ್ ಕ್ಯೂಲಿಸಿಫೇಸಿಸ್ ಮಿತಿಮೀರಿ ಹುಟ್ಟಿ, ಸುಮಾರು 80,000 ಜನ ಮಲೇರಿಯಾದಿಂದ ಸತ್ತರು. ನಮ್ಮಲ್ಲೂ ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಾರದಿದ್ದರೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕುತ್ತೇವೆ, ತೋಡಿಗೆ, ಹೊಳೆಗೆ ಪಂಪ್ ಇಡುತ್ತೇವೆ. ಹರಿವು ನಿಂತು, ಮೀನು ಸತ್ತು ಉಳಿದ ಗುಂಡಿಗಳು ಸೊಳ್ಳೆಗೆ ತೊಟ್ಟಿಲಾಗುತ್ತವೆ. ಪೇಟೆಯಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬಂದರೆ ಮನೆಮನೆಯಲ್ಲೂ ಡ್ರಮ್ಮು, ಕೊಡ, ಹಂಡೆ ತುಂಬಿಡುತ್ತೇವೆ. 2023ರ ಬರದ ಮರುವರ್ಷವೇ, 2024ರಲ್ಲಿ, ಕರ್ನಾಟಕದಲ್ಲಿ ಡೆಂಗಿ ಉಲ್ಬಣಿಸಿತು. ಸೆಪ್ಟೆಂಬರ್ ಹೊತ್ತಿಗೆ ಪ್ರಕರಣಗಳು 20,000 ದಾಟಿದ್ದವು. ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಹುಟ್ಟಲು ಬಿಟ್ಟ ಮನೆಯವರಿಗೆ ನಗರದಲ್ಲಿ 400, ಗ್ರಾಮದಲ್ಲಿ 200 ರೂಪಾಯಿ ದಂಡವನ್ನೂ ನಿಗದಿ ಮಾಡಿತು. ದಂಡದ ಮೊತ್ತ ಸಣ್ಣದು. ಸೊಳ್ಳೆ ಹುಟ್ಟುವ ನೀರಿಗೆ ಮನೆಯವರೇ ಹೊಣೆ ಎಂದು ಕಾನೂನು ಹೇಳಿದ್ದು ದೊಡ್ಡದು.

ಗದ್ದೆಯ ಬಗ್ಗೆಯೂ ಒಂದು ಮಾತು. ಭತ್ತದ ಗದ್ದೆಯ ನೀರಿನಲ್ಲಿ ಕ್ಯೂಲೆಕ್ಸ್ ಹುಟ್ಟುವುದು ನಿಜ. ಅದು ಕೊಕ್ಕರೆ, ಹಂದಿಗಳ ಮೂಲಕ ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮೆದುಳು ಜ್ವರ ಹರಡಬಲ್ಲದು. ಕೋಲಾರ, ಮಂಡ್ಯಗಳ ಮಕ್ಕಳು ಅದಕ್ಕೆ ಬಲಿಯಾಗಿದ್ದಾರೆ. ಆದ್ದರಿಂದ ಹಂದಿಗೂಡು ಮನೆಯಿಂದ ದೂರವಿರಲಿ. ಹಾಗೆಂದು ಗದ್ದೆ ಮುಚ್ಚುವುದು ಪರಿಹಾರವಲ್ಲ. ನಾಟಿ ಮಾಡಿದ ಗದ್ದೆಯಲ್ಲಿ ಸೊಳ್ಳೆ ಮರಿಯ ಜೊತೆ ಅದನ್ನು ತಿನ್ನುವ ಮೀನು, ಕಪ್ಪೆಮರಿ, ಏರೋಪ್ಲೇನ್ ಚಿಟ್ಟೆಯ ಮರಿಗಳೂ ಇರುತ್ತವೆ. ಕೀಟನಾಶಕ ಸುರಿದಾಗ ಮೊದಲು ಸಾಯುವುದು ಇವು, ಸೊಳ್ಳೆ ಬೇಗ ಮರಳುತ್ತದೆ. ಗದ್ದೆಗೆ ಮಣ್ಣು ತುಂಬಿ ಬಡಾವಣೆ ಮಾಡಿದಾಗ ಮಳೆನೀರು ಇಳಿಯಲು ಜಾಗವಿಲ್ಲದೆ ಚರಂಡಿಯಲ್ಲಿ, ಖಾಲಿ ನಿವೇಶನದಲ್ಲಿ ನಿಲ್ಲುತ್ತದೆ. ಕೀರೆಹೊಳೆ ಉಕ್ಕಿ ಬಡಾವಣೆಗಳಿಗೆ ನುಗ್ಗಿದ್ದನ್ನು ಕಂಡ ಊರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಡಿನ ಅಂಚನ್ನು ಕೆದಕಿದಾಗ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕ ಇನ್ನೊಂದು ಉದಾಹರಣೆ ಕೊಟ್ಟಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೆ ಜ್ವರ ಬಂತು. ಅದನ್ನು ಹರಡುವುದು ಸೊಳ್ಳೆಯಲ್ಲ, ಉಣ್ಣೆ. ಈಚಿನ ವರ್ಷಗಳಲ್ಲಿ ಆ ಮಂಗನ ಕಾಯಿಲೆ ಬಂಡೀಪುರ, ವಯನಾಡುಗಳನ್ನೂ ಮುಟ್ಟಿದೆ. ನಾಗರಹೊಳೆಯ ಮಗ್ಗುಲಲ್ಲಿರುವ ನಾವು ಎಚ್ಚರದಿಂದಿರಬೇಕು.

ಹಾಗಾದರೆ ನಾವು ಮಾಡಬೇಕಾದದ್ದೇನು? ಹೊಗೆ ಯಂತ್ರ ಬಂದರೆ ಜನರಿಗೆ ಸಮಾಧಾನ. ಹೊಗೆ ಕೊಲ್ಲುವುದು ಆ ಕ್ಷಣ ಹಾರುತ್ತಿರುವ ಸೊಳ್ಳೆಯನ್ನು ಮಾತ್ರ. ನೀರಿನಲ್ಲಿರುವ ಮರಿಗಳು ಎರಡು ಮೂರು ದಿನಕ್ಕೆ ಹೊಸ ಸೊಳ್ಳೆಗಳಾಗಿ ಏಳುತ್ತವೆ. ಡೆಂಗಿ ಹೆಚ್ಚಿದಾಗ ಅದು ಬೇಕು, ಅದನ್ನೇ ನಂಬಿ ಕೂರಬಾರದು. ನಿಜವಾದ ಕೆಲಸ ವಾರಕ್ಕೊಮ್ಮೆ ನೀರು ಚೆಲ್ಲುವುದು. ಮೊಟ್ಟೆ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಬೇಕು. ಅದಕ್ಕೇ ವಾರದ ಲೆಕ್ಕ. ಈಡಿಸ್ ಪಾತ್ರೆಯ ಒಳಗೋಡೆಗೆ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಮೊಟ್ಟೆ ಅಂಟಿಸುತ್ತದೆ. ಆದ್ದರಿಂದ ಚೆಲ್ಲಿದರೆ ಸಾಲದು, ತಿಕ್ಕಿ ತೊಳೆದು ಒಣಗಿಸಬೇಕು. ತುಂಬಿಡಲೇಬೇಕಾದ ಡ್ರಮ್ಮಿಗೆ ಬಟ್ಟೆ ಕಟ್ಟಬೇಕು. ಮನೆಯ ಮೇಲಿನ ಸಿಂಟೆಕ್ಸಿನ ಮುಚ್ಚಳ, ಫ್ರಿಜ್ಜಿನ ಹಿಂದಿನ ತಟ್ಟೆ, ಹೂಕುಂಡದ ಅಡಿತಟ್ಟೆ ನೋಡಿಕೊಳ್ಳಬೇಕು. ಈಡಿಸ್ ಹೆಚ್ಚು ದೂರ ಹಾರುವ ಸೊಳ್ಳೆಯಲ್ಲ, ಕೆಲವು ನೂರು ಮೀಟರ್ ಅಷ್ಟೆ. ನಿಮ್ಮನ್ನು ಕಚ್ಚಿದ ಸೊಳ್ಳೆ ನಿಮ್ಮ ಮನೆಯಲ್ಲೋ, ಪಕ್ಕದ ಮನೆಯಲ್ಲೋ ಹುಟ್ಟಿದ್ದು. ಹೀಗಾಗಿ ಒಂದು ಓಣಿಯವರೆಲ್ಲ ಸೇರಿದರೆ ಆ ಓಣಿಯ ಡೆಂಗಿಯನ್ನು ತಡೆಯಬಹುದು.

ಬೆಳೆಗಾರರಲ್ಲಿ ನನ್ನ ವಿನಂತಿ ಬೇರೆ. ತೋಟದಲ್ಲಿ ಬಿದ್ದ ಹಾಳೆಯನ್ನು ಆಗಾಗ ಕೂಡಿಸಿ ಗೊಬ್ಬರದ ಗುಂಡಿಗೆ ಹಾಕಿಸಿ. ಔಷಧ ಹೊಡೆದ ಮೇಲೆ ಡ್ರಮ್ಮುಗಳನ್ನು ಬೋರಲು ಹಾಕಿಸಿ. ತೋಡಿನ ದಂಡೆಯ ಮರ ಉಳಿಸಿ, ನೀರು ಪೂರ್ತಿ ಬತ್ತದಂತೆ ಹರಿವು ಬಿಡಿ. ಕಾರ್ಮಿಕರ ಲೈನ್ ಮನೆಗಳ ಕಿಟಕಿಗೆ ಜಾಲರಿ ಹಾಕಿಸಿ, ಮುಚ್ಚಳವಿರುವ ನೀರಿನ ತೊಟ್ಟಿ ಕೊಡಿ, ಸೊಳ್ಳೆ ಪರದೆ ಕೊಡಿಸಿ. ಅಲ್ಲಿ ವಾಸಿಸುವ ಯರವ, ಜೇನುಕುರುಬ ಕುಟುಂಬದವರೂ, ಅಸ್ಸಾಮಿನಿಂದ ಬಂದವರೂ ಜ್ವರ ಬಂದರೂ ಕೂಲಿ ಹೋಗುತ್ತದೆ ಎಂಬ ಭಯದಲ್ಲಿ ಆಸ್ಪತ್ರೆಗೆ ಹೋಗುವುದಿಲ್ಲ. ಹೊರರಾಜ್ಯದಿಂದ ಬಂದ ಕಾರ್ಮಿಕರನ್ನು ರೋಗ ತಂದವರು ಎಂದು ದೂಷಿಸುವುದು ಅನ್ಯಾಯ. ಬಂದ ಕೂಡಲೇ ಅವರ ರಕ್ತ ಪರೀಕ್ಷೆ ಮಾಡಿಸಿ, ಬೇಕಾದವರಿಗೆ ಚಿಕಿತ್ಸೆ ಕೊಡಿಸುವುದು ಅವರಿಗೂ ಒಳಿತು, ನಮಗೂ ಒಳಿತು. ಆಶಾ ಕಾರ್ಯಕರ್ತೆಯರು ತೋಟದ ಗೇಟಿಗೆ ಬಂದಾಗ ಒಳಗೆ ಬಿಡಿ.

ಮೀನು ಸಾಕುವುದೂ ಒಂದು ದಾರಿ. 1990ರ ದಶಕದಲ್ಲಿ ಕೋಲಾರ ಜಿಲ್ಲೆಯ ಕಾಮಸಮುದ್ರದ ಹಳ್ಳಿಗಳಲ್ಲಿ ಬಾವಿ, ಕೆರೆಗಳಿಗೆ ಸೊಳ್ಳೆ ಮರಿ ತಿನ್ನುವ ಮೀನುಗಳನ್ನು ಬಿಟ್ಟು ಮಲೇರಿಯಾವನ್ನು ತಗ್ಗಿಸಿದರು. ನಮ್ಮಲ್ಲಿ ಬಾವಿ, ಕಟ್ಟಿಸಿದ ತೊಟ್ಟಿಗಳಿಗೆ ಗಪ್ಪಿ ಬಿಡಬಹುದು. ಹೊಳೆ, ತೋಡು, ಗದ್ದೆಗೆ ಮಾತ್ರ ಗ್ಯಾಂಬೂಸಿಯಾ, ಗಪ್ಪಿಗಳನ್ನು ಬಿಡಬಾರದು. ಹೊರನಾಡಿನ ಆ ಮೀನುಗಳು ಘಟ್ಟದ ನಮ್ಮ ಮೀನು, ಕಪ್ಪೆಗಳ ಮರಿಗಳನ್ನೇ ತಿನ್ನುತ್ತವೆ. ಹೊಳೆಗೆ ಹೊಳೆಯ ಮೀನೇ ಸಾಕು, ವಿಷ ಹಾಕಿ ಮೀನು ಹಿಡಿಯುವುದನ್ನು ನಿಲ್ಲಿಸಿದರೆ ಅವೇ ಈ ಕೆಲಸ ಮಾಡುತ್ತವೆ.

ಕೊನೆಯದಾಗಿ ಜ್ವರ ಬಂದಾಗ. ಜ್ವರ ಬಂದ ಒಂದೆರಡು ದಿನದಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಡೆಂಗಿ ಇರಬಹುದೆಂಬ ಸಂಶಯವಿದ್ದರೆ ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಬೇಡಿ, ರಕ್ತಸ್ರಾವ ಹೆಚ್ಚಬಹುದು. ಗಂಜಿ, ಎಳನೀರು, ಓಆರ್‌ಎಸ್ ಧಾರಾಳವಾಗಿ ಕುಡಿಸಿ. ಜ್ವರ ಇಳಿಯಿತು ಎಂದು ನಿರಾಳರಾಗಬೇಡಿ, ಡೆಂಗಿಯಲ್ಲಿ ಅಪಾಯ ಶುರುವಾಗುವುದು ಜ್ವರ ಇಳಿಯುವ ಹೊತ್ತಿಗೇ. ಹೊಟ್ಟೆ ನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಿಂದ ರಕ್ತ, ವಿಪರೀತ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆ ಸೇರಿಸಿ. ಜ್ವರ ಬಂದವರನ್ನು ಹಗಲಲ್ಲೂ ಪರದೆಯೊಳಗೆ ಮಲಗಿಸಿ, ಅವರನ್ನು ಕಚ್ಚಿದ ಸೊಳ್ಳೆ ಮನೆಯ ಇತರರಿಗೆ ರೋಗ ದಾಟಿಸುತ್ತದೆ.

ಗಾಳಿಯ ಬಿಸಿಯನ್ನು ಗೋಣಿಕೊಪ್ಪಲೊಂದೇ ಇಳಿಸಲಾರದು. ಮುಂಗಾರಿನ ಲಯವನ್ನು ನಾವು ತಿದ್ದಲಾರೆವು. ನಮ್ಮ ಅಂಗಳದ ನೀರು, ನಮ್ಮ ತೋಟದ ಹಾಳೆ, ನಮ್ಮ ಹೊಳೆದಂಡೆಯ ಮರ, ನಮ್ಮ ಲೈನ್ ಮನೆಯ ಕಿಟಕಿ ಇವೆಲ್ಲ ನಮ್ಮ ಕೈಯಲ್ಲಿವೆ. ವಾರದಲ್ಲಿ ಒಂದು ದಿನ, ಒಂದು ಗಂಟೆಯನ್ನು ಇದಕ್ಕೆಂದು ಎತ್ತಿಡಿ ಎಂದು ಎಲ್ಲರನ್ನೂ ಬೇಡುತ್ತೇನೆ. ಪಂಚಾಯಿತಿ, ಶಾಲೆ, ಮಹಿಳಾ ಸಂಘ, ಬೆಳೆಗಾರರ ಸಂಘಗಳು ಮುಂದಿನ ಮುಂಗಾರಿಗೆ ಮುನ್ನವೇ, ಮೇ ತಿಂಗಳಲ್ಲೇ, ಈ ಕೆಲಸ ಆರಂಭಿಸಲಿ. ಜ್ವರದ ಸುದ್ದಿ ಬಂದ ಮೇಲೆ ಶುರುಮಾಡಿದರೆ ಅದು ತಡವೇ.